ಸರ್ರೆ ಹಿಲ್ಸ್‌ನಲ್ಲಿ ರೋಡ್ ಸೈಕಲ್: ಮೂರು ಏರು, 60 ಕಿಲೋಮೀಟರ್, ಒಂದು ದಿನ

ಲೀತ್ ಹಿಲ್ ಎತ್ತರ ಬರೀ 294 ಮೀಟರ್. ಲಂಡನ್ನಿನ ದಕ್ಷಿಣಕ್ಕಿರುವ ಸರ್ರೆಯಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ನಂದಿ ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಇದೆ. ಹಾಗಾಗಿ ಬೆಂಗಳೂರಿನಲ್ಲಿದ್ದಾಗ ಭಾನುವಾರ ಬೆಳಗ್ಗೆ ಎದ್ದು ನಂದಿ ಹತ್ತುತ್ತಿದ್ದವರು ಇಲ್ಲಿಗೆ ಬಂದು ಈ ಸಂಖ್ಯೆ ನೋಡಿದರೆ, ಇದು ಗುಡ್ಡವೇ ಅಲ್ಲ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ದಿನ 50 ಕಿ.ಮೀ. ಆಗುವಷ್ಟರಲ್ಲಿ ಎರಡೂ ತೊಡೆ ಹಿಡಿದುಕೊಂಡು ರಸ್ತೆ ಪಕ್ಕದ ಹುಲ್ಲಿನ ಮೇಲೆ ಕೂತಿದ್ದೆ.

ನಂದಿಯದು ಒಂದೇ ಉದ್ದನೆಯ ಏರು. ಉಸಿರು ಒಂದು ಹದಕ್ಕೆ ಬಂತು ಅಂದರೆ ಅದೇ ಹದದಲ್ಲಿ ಮೇಲಿನವರೆಗೆ ಹೋಗಬಹುದು, ಆಮೇಲೆ ಪೂರ್ತಿ ಇಳಿಜಾರು. ಇಲ್ಲಿ ಹಾಗಲ್ಲ. ಎರಡು ಕಿಲೋಮೀಟರ್ ಏರು, ತಕ್ಷಣ ಇಳಿಜಾರು, ಕೆಳಗೆ ಒಂದು ಹಳ್ಳಿ, ಹಳ್ಳಿ ದಾಟಿದ ಕೂಡಲೇ ಮತ್ತೊಂದು ಏರು, ಅದೂ ಮೊದಲಿನದಕ್ಕಿಂತ ಕಡಿದು. ಸಮತಟ್ಟು ಅನ್ನುವುದೇ ಸಿಗುವುದಿಲ್ಲ. ಹೀಗಾಗಿ ಇಲ್ಲಿ ದಾರಿ ಹಾಕಿಕೊಳ್ಳುವಾಗ ಕಿಲೋಮೀಟರ್ ಎಣಿಸಬೇಡಿ, ಏರು ಎಣಿಸಿ. ಕೆಳಗೆ ಬರೆದಿರುವುದೆಲ್ಲ ಇದೇ ಲೆಕ್ಕದ ಮೇಲೆ ನಿಂತಿದೆ. ಡೋರ್ಕಿಂಗ್ ಊರಿನಿಂದ ಶುರು ಮಾಡಿ ಬಾಕ್ಸ್ ಹಿಲ್, ರ‍್ಯಾನ್ಮೋರ್, ಲೀತ್ ಹಿಲ್ ಈ ಮೂರನ್ನು ಮುಗಿಸಿ ಅಲ್ಲಿಗೇ ವಾಪಸ್ ಬರುವ, ಸುಮಾರು 60 ಕಿ.ಮೀ. ದಾರಿ ಇದು.

ಮೊದಲು ನಕ್ಷೆ

ಫೋನಿನ ಆ್ಯಪ್ ತೆರೆಯುವ ಮೊದಲು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆ ನಕ್ಷೆ ಒಮ್ಮೆ ನೋಡಿ. ಕಾಗದದ್ದಾದರೂ ಸರಿ, ಫೋನಿನಲ್ಲಾದರೂ ಸರಿ. ಡೋರ್ಕಿಂಗ್ ಸುತ್ತಮುತ್ತಲಿಗೆ ಲ್ಯಾಂಡ್‌ರೇಂಜರ್ ಸರಣಿಯ 187ನೇ ಹಾಳೆ ಬೇಕು. ಅದರಲ್ಲಿ ಕಡಿದಾದ ರಸ್ತೆಗಳ ಮೇಲೆ ಸಣ್ಣ ಬಾಣದ ತಲೆಯ ಗುರುತು ಇರುತ್ತದೆ. ಒಂದು ಬಾಣ ಇದ್ದರೆ ಏರು ಶೇ. 14ರಿಂದ 20ರ ನಡುವೆ. ಎರಡು ಬಾಣ ಇದ್ದರೆ ಶೇ. 20ಕ್ಕಿಂತ ಜಾಸ್ತಿ. ಬಾಣ ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ಇಳಿಜಾರು ಅಂತ ಅರ್ಥ. ಇದನ್ನು ಉಲ್ಟಾ ಓದಿಕೊಂಡವರು ಬಹಳ ಜನ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಶೇಕಡಾ ಲೆಕ್ಕ ಸುಲಭ. 100 ಮೀಟರ್ ಮುಂದೆ ಹೋದಾಗ 5 ಮೀಟರ್ ಮೇಲೆ ಹೋದರೆ ಶೇ. 5. ಹಳೆಯ ಬೋರ್ಡುಗಳಲ್ಲಿ ಇದನ್ನೇ 1:5, 1:7 ಅಂತ ಬರೆದಿರುತ್ತಾರೆ. 1:5 ಅಂದರೆ ಶೇ. 20. ಶೇ. 5ನ್ನು ಯಾರಾದರೂ ಹತ್ತಬಹುದು. ಶೇ. 10ಕ್ಕೆ ಉಸಿರು ಏರುತ್ತದೆ. ಶೇ. 15 ದಾಟಿದ ಮೇಲೆ ಗೇರ್ ಮತ್ತು ತೂಕ ಎರಡೇ ಮಾತಾಡುತ್ತವೆ.

ಆಮೇಲೆ ಕೊಮೂಟ್, ಸ್ಟ್ರಾವಾ, ರೈಡ್ ವಿತ್ ಜಿಪಿಎಸ್, ಯಾವುದು ರೂಢಿಯೋ ಅದರಲ್ಲಿ ದಾರಿ ಎಳೆಯಿರಿ. ರೋಡ್ ಸೈಕಲ್ ಅಂತಲೇ ಆರಿಸಬೇಕು. ಇಲ್ಲದಿದ್ದರೆ ಅದು ನಿಮ್ಮನ್ನು ಬ್ರೈಡಲ್‌ವೇಗೆ, ಅಂದರೆ ಕುದುರೆ ದಾರಿಗೆ ನುಗ್ಗಿಸುತ್ತದೆ. 1968ರ ಕಾನೂನಿನ ಪ್ರಕಾರ ಕುದುರೆ ದಾರಿಯಲ್ಲಿ ಸೈಕಲ್ ಹೊಡೆಯಲು ಅವಕಾಶ ಇದೆ ನಿಜ, ಆದರೆ ಮರಳು, ಬೇರು, ಕೆಸರು ತುಂಬಿದ ಆ ದಾರಿ ತೆಳು ಟೈರಿಗೆ ಆಗುವುದಿಲ್ಲ. ದಾರಿ ಎಳೆದಾದ ಮೇಲೆ ಅನುಮಾನ ಬಂದ ಜಾಗವನ್ನು ಸ್ಟ್ರೀಟ್ ವ್ಯೂನಲ್ಲಿ ನೋಡಿ, ಡಾಂಬರು ಕಾಣುತ್ತಾ ಅಂತ. ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಗುಡ್ಡಗಳ ಸಂದಿಯಲ್ಲಿ ಸಿಗ್ನಲ್ ನೆಚ್ಚಿಕೊಳ್ಳಬೇಡಿ.

ಸೈಕಲ್ಲಿನಲ್ಲಿ ಏನು ನೋಡಬೇಕು

ಜನ ಸೈಕಲ್ ತೂಕದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ಈ ದಾರಿಗೆ ಮುಖ್ಯವಾದದ್ದು ಗೇರ್ ಒಂದೇ. ಮುಂದಿನ, ಅಂದರೆ ಪೆಡಲ್ ಬಳಿಯ ಸಣ್ಣ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ದೊಡ್ಡ ಚಕ್ರದಲ್ಲಿ 32 ಅಥವಾ 34 ಹಲ್ಲು ಇರಲಿ. ಯಾಕೆ ಅಂತ ಲೆಕ್ಕ ನೋಡಿ. ಮುಂದೆ 34, ಹಿಂದೆ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ವೇಗ. ಹಳೆಯ ರೇಸ್ ಸೈಕಲ್ಲಿನ ಹಾಗೆ ಮುಂದೆ 39, ಹಿಂದೆ 25 ಇದ್ದರೆ ಅದೇ 60 ಸುತ್ತಿಗೆ ಗಂಟೆಗೆ ಸುಮಾರು 12 ಕಿ.ಮೀ. ಹೋಗಲೇಬೇಕು. ಸೈಕಲ್ ಸೇರಿ ನಿಮ್ಮ ತೂಕ 85 ಕಿಲೋ ಅಂದುಕೊಳ್ಳಿ. ಶೇ. 18ರ ಏರಿನಲ್ಲಿ ಗಂಟೆಗೆ ಬರೀ 5 ಕಿ.ಮೀ. ಹೋಗುವುದಕ್ಕೂ 200 ವಾಟ್ ಬೇಕು. 12 ಕಿ.ಮೀ. ಹೋಗಬೇಕು ಅಂದರೆ ಸುಮಾರು 500 ವಾಟ್. ಅದು ನಮ್ಮಂಥ ವಾರಾಂತ್ಯದ ಸವಾರರ ಕೈಲಿ ಅರ್ಧ ನಿಮಿಷಕ್ಕಿಂತ ಜಾಸ್ತಿ ಆಗುವ ಕೆಲಸ ಅಲ್ಲ. ಸಣ್ಣ ಗೇರ್, ಅಂದರೆ ಹಗುರವಾಗಿ ತುಳಿಯಬಹುದಾದ ಗೇರ್ ಹಾಕಿಸಿಕೊಳ್ಳುವುದಕ್ಕೆ ನಾಚಿಕೆ ಬೇಡ. ಅಂಗಡಿಯಲ್ಲಿ ಹಿಂದಿನ ಕ್ಯಾಸೆಟ್ (ಹಿಂಗಾಲಿಯ ಹಲ್ಲುಚಕ್ರಗಳ ಗುಚ್ಛ) ಬದಲಾಯಿಸಲು ಹೇಳುವಾಗ ನಿಮ್ಮ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲು ತಡೆಯುತ್ತಾ ಅಂತ ಕೇಳಿ, ಚೈನ್ ಉದ್ದವೂ ಸರಿಯಾಗಬೇಕು.

ಟೈರ್ 28 ಮಿ.ಮೀ. ಇರಲಿ. ಗಾಳಿ ಕಲ್ಲಿನಂತೆ ತುಂಬಬೇಡಿ, ಸ್ವಲ್ಪ ಕಡಿಮೆ ಇದ್ದರೆ ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿ ಸಿಗುತ್ತದೆ. ಎರಡು ಟ್ಯೂಬ್, ಪಂಪು, ಟೈರ್ ಬಿಚ್ಚುವ ಲಿವರ್ ಕಡ್ಡಾಯ. ಒಂದು ಟ್ಯೂಬ್ ಸಾಲದು, ಯಾಕೆ ಅಂತ ಹೇಳುತ್ತೇನೆ. ಬಾಕ್ಸ್ ಹಿಲ್, ರ‍್ಯಾನ್ಮೋರ್ ಎರಡೂ ನಾರ್ತ್ ಡೌನ್ಸ್ ಅನ್ನುವ ಸೀಮೆಸುಣ್ಣದ ಗುಡ್ಡಸಾಲಿನ ಮೇಲಿವೆ. ಆ ಸುಣ್ಣದ ಮಣ್ಣಿನ ಒಳಗೆ ಚಕಮಕಿ ಕಲ್ಲು ತುಂಬಿದೆ. ಮಳೆ ಬಂದಾಗ ಅದರ ಚೂರುಗಳು ರಸ್ತೆಗೆ ಕೊಚ್ಚಿಕೊಂಡು ಬರುತ್ತವೆ, ಅಂಚು ಬ್ಲೇಡಿನ ಹಾಗೆ ಇರುತ್ತದೆ. ಇದರ ಜೊತೆ ಬೇಸಿಗೆ ಮುಗಿದ ಮೇಲೆ ರೈತರು ಬೇಲಿ ಕತ್ತರಿಸುತ್ತಾರೆ, ಮುಳ್ಳೆಲ್ಲ ರಸ್ತೆ ಮೇಲೆ. ಒದ್ದೆ ಟೈರಿಗೆ ಇವು ಇನ್ನೂ ಸಲೀಸಾಗಿ ಚುಚ್ಚಿಕೊಳ್ಳುತ್ತವೆ. ಟ್ಯೂಬ್ ಬದಲಿಸುವಾಗ ಟೈರಿನ ಒಳಗೆ ಬೆರಳಾಡಿಸಿ ಚೂರು ತೆಗೆಯಲೇಬೇಕು, ಇಲ್ಲದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ.

ಬ್ರೇಕ್ ಶೂ ಅಥವಾ ಡಿಸ್ಕ್ ಪ್ಯಾಡ್ ಸವೆದಿದ್ದರೆ ಹೊರಡಬೇಡಿ. ಹಗಲಲ್ಲೂ ದೀಪ ಹಾಕಿ, ಮುಂದೆ ಬಿಳಿ, ಹಿಂದೆ ಕೆಂಪು. ಕತ್ತಲಾದ ಮೇಲೆ ಅದು ಕಾನೂನು. ಹಗಲಲ್ಲಿ ಮರ ಮುಚ್ಚಿದ ಓಣಿಗಳಲ್ಲಿ ಕಾರಿನವರಿಗೆ ನೀವು ಕಾಣುವುದು ಅದರಿಂದಲೇ. ಹೆಲ್ಮೆಟ್ ಇಲ್ಲಿ ಕಾನೂನಿನ ಕಡ್ಡಾಯ ಅಲ್ಲ. ಆದರೂ ಹಾಕಿಕೊಳ್ಳಿ.

ಯಾವಾಗ ಹೋಗಬೇಕು, ಹೇಗೆ ತಲುಪಬೇಕು

ಮೊದಲ ಸಲಕ್ಕೆ ಮೇ ತಿಂಗಳಿನಿಂದ ಸೆಪ್ಟೆಂಬರ್ ಒಳಗೆ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೂ ಬೆಳಕಿರುತ್ತದೆ, ಅವಸರ ಇಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಅಕ್ಟೋಬರ್, ನವೆಂಬರ್ ನೋಡುವುದಕ್ಕೆ ಬಹಳ ಚೆಂದ, ಬೀಚ್ ಮರಗಳೆಲ್ಲ ತಾಮ್ರದ ಬಣ್ಣ. ಆದರೆ ಆ ಎಲೆ ಉದುರಿ ಮಳೆಯಲ್ಲಿ ನೆನೆದರೆ ಪಾಚಿ ಮೇಲೆ ಕಾಲಿಟ್ಟ ಹಾಗೆ. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ.

ಲಂಡನ್ನಿನಿಂದ ಬರುವವರಿಗೆ ವಾಟರ್ಲೂ ಮತ್ತು ವಿಕ್ಟೋರಿಯಾ ಎರಡೂ ಕಡೆಯಿಂದ ಡೋರ್ಕಿಂಗ್‌ಗೆ ರೈಲಿದೆ, ಒಂದು ಗಂಟೆ ಹಿಡಿದುಕೊಳ್ಳಿ. ರೆಡಿಂಗ್ ಕಡೆ ನಮ್ಮವರು ಬಹಳ ಇದ್ದಾರೆ, ಅವರು ಲಂಡನ್ನಿಗೆ ಹೋಗಿ ಬರುವ ಅಗತ್ಯವೇ ಇಲ್ಲ. ರೆಡಿಂಗ್‌ನಿಂದ ನಾರ್ತ್ ಡೌನ್ಸ್ ಲೈನ್ ರೈಲು ನೇರ ಡೋರ್ಕಿಂಗ್ ಡೀಪ್‌ಡೀನ್ ಸ್ಟೇಷನ್ನಿಗೆ ಬರುತ್ತದೆ. ಈ ಸಣ್ಣ ಊರಿಗೆ ಮೂರು ಸ್ಟೇಷನ್, ಡೋರ್ಕಿಂಗ್, ಡೀಪ್‌ಡೀನ್, ವೆಸ್ಟ್. ವಾಪಸ್ ಹೋಗುವಾಗ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ. ವಾರದ ದಿನಗಳಲ್ಲಿ ಬೆಳಗ್ಗೆ, ಸಂಜೆ ಆಫೀಸಿನ ಹೊತ್ತಿನ ಲಂಡನ್ ರೈಲುಗಳಲ್ಲಿ ಮಡಚಲಾಗದ ಸೈಕಲ್ ಬಿಡುವುದಿಲ್ಲ, ಆದ್ದರಿಂದ ಶನಿವಾರ, ಭಾನುವಾರವೇ ಸರಿ. ಭಾನುವಾರ ಹಳಿ ರಿಪೇರಿ ಇದ್ದು ರೈಲಿನ ಬದಲು ಬಸ್ ಹಾಕಿದ್ದರೆ ಅದಕ್ಕೆ ಸೈಕಲ್ ಹತ್ತಿಸುವುದು ಕಷ್ಟ. ಹಿಂದಿನ ರಾತ್ರಿ ಒಮ್ಮೆ ನೋಡಿ.

ತಿನ್ನುವುದು: ಬಾಳೆಹಣ್ಣು, ಖರ್ಜೂರ, ಕಡಲೆಬೀಜದ ಚಿಕ್ಕಿ. ಹೊಟ್ಟೆ ಹಸಿಯುವ ಮೊದಲೇ, ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಚಳಿ ಇದ್ದರೆ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ನೀರು ಕುಡಿಯುತ್ತಿರಿ. ನಾನು ಒಂದು ಸಣ್ಣ ಡಬ್ಬಿ ಚಿತ್ರಾನ್ನ ಒಯ್ಯುತ್ತೇನೆ, ಅದು ಷಿಯರ್ ಹಳ್ಳಿಯ ಹೊಳೆ ಪಕ್ಕ ಕೂತು ತಿನ್ನಲಿಕ್ಕೆ.

ಮೊದಲ ಏರು: ಬಾಕ್ಸ್ ಹಿಲ್

ಡೋರ್ಕಿಂಗ್ ಸ್ಟೇಷನ್ನಿನಿಂದ ಉತ್ತರಕ್ಕೆ ಎ24 ರಸ್ತೆ ಪಕ್ಕದ ಸೈಕಲ್ ದಾರಿ ಹಿಡಿಯಿರಿ. ಎ24 ಮೇಲೆ ಮಾತ್ರ ಹೋಗಬೇಡಿ, ವಾಹನಗಳ ವೇಗ ಜಾಸ್ತಿ. ಮೂರು ಕಿ.ಮೀ. ಒಳಗೆ ಜಿಗ್ ಜ್ಯಾಗ್ ರೋಡ್ ಬುಡಕ್ಕೆ ಬರುತ್ತೀರಿ. ಹೆಸರಿಗೆ ತಕ್ಕ ಹಾಗೆ ಅಂಕುಡೊಂಕು, ಎರಡೂವರೆ ಕಿ.ಮೀ. ಉದ್ದ, ಸರಾಸರಿ ಶೇ. 5, ಸುಮಾರು 120 ಮೀಟರ್ ಮೇಲೇರುತ್ತದೆ. 2012ರ ಲಂಡನ್ ಒಲಿಂಪಿಕ್ಸ್ ರೋಡ್ ರೇಸ್ ಇಲ್ಲೇ ನಡೆಯಿತು. ಗಂಡಸರು ಈ ಗುಡ್ಡವನ್ನು ಒಂಬತ್ತು ಸಲ ಸುತ್ತಿದರು, ಹೆಂಗಸರು ಎರಡು ಸಲ. ಗಂಡಸರಲ್ಲಿ ಕಜಕಿಸ್ತಾನದ ವಿನೊಕುರೊವ್, ಹೆಂಗಸರಲ್ಲಿ ನೆದರ್ಲೆಂಡ್ಸಿನ ಮರಿಯಾನ್ನ ವೋಸ್ ಗೆದ್ದರು.

ಏರು ಒಂದೇ ಸಮನೆ ಇದೆ, ಎಲ್ಲೂ ದಿಢೀರ್ ಕಡಿದಾಗುವುದಿಲ್ಲ. ಹೊಸಬರಿಗೆ ಏರು ಕಲಿಯಲು ಇದಕ್ಕಿಂತ ಒಳ್ಳೆಯ ರಸ್ತೆ ನನಗೆ ಗೊತ್ತಿಲ್ಲ. ಬುಡದಲ್ಲೇ ಸಣ್ಣ ಗೇರಿಗೆ ಬನ್ನಿ. ಸೀಟಿನ ಮೇಲೇ ಕೂತಿರಿ, ಕೈ ಹ್ಯಾಂಡಲ್ಲಿನ ಮೇಲ್ಭಾಗದಲ್ಲಿ ಸಡಿಲವಾಗಿರಲಿ, ನಿಮಿಷಕ್ಕೆ 70-80 ಸುತ್ತು ತುಳಿಯಿರಿ. ಪಕ್ಕದವರ ಜೊತೆ ಸಣ್ಣ ಸಣ್ಣ ವಾಕ್ಯ ಮಾತಾಡುವಷ್ಟು ಉಸಿರು ಉಳಿದಿರಬೇಕು. ಮಾತು ನಿಂತಿತು ಅಂದರೆ ಜೋರಾಯಿತು ಅಂತ ಲೆಕ್ಕ. ಯಾರಾದರೂ ಸೊಂಯ್ಯನೆ ದಾಟಿ ಹೋಗುತ್ತಾರೆ, ಹೋಗಲಿ ಬಿಡಿ. ನಿಮಗೆ ಇನ್ನೂ ಎರಡು ಏರು ಬಾಕಿ ಇವೆ. ಹದಿನೈದು ನಿಮಿಷ ಹಿಡಿದರೂ ಏನೂ ಮೋಸ ಇಲ್ಲ.

ಮೇಲೆ ಪ್ರಕೃತಿ, ಹಳೆಯ ಕಟ್ಟಡ ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನವರ ಕೆಫೆ ಇದೆ, ಸ್ವಲ್ಪ ಮುಂದೆ ದಕ್ಷಿಣಕ್ಕೆ ತೆರೆದ ನೋಟ. ಕೆಳಗೆ ಬಯಲು, ಎದುರಿಗೆ ಮಧ್ಯಾಹ್ನ ನೀವು ಹತ್ತಬೇಕಾದ ಲೀತ್ ಹಿಲ್ ಸಾಲು. ಐದು ನಿಮಿಷ ನಿಂತು ನೋಡಿ. ಆಮೇಲೆ ಬಾಕ್ಸ್ ಹಿಲ್ ಹಳ್ಳಿ ದಾಟಿ ಹೆಡ್ಲಿ ಮೇಲೆ ಸುತ್ತಿಕೊಂಡು ಮಿಕಲ್‌ಹ್ಯಾಮ್‌ಗೆ ಇಳಿದರೆ ಮತ್ತೆ ಬುಡಕ್ಕೆ ಬರುತ್ತೀರಿ. ಅದೇ ಸೈಕಲ್ ದಾರಿಯಲ್ಲಿ ಡೋರ್ಕಿಂಗ್. ಇಲ್ಲಿಗೆ 20 ಕಿ.ಮೀ. ದಾಟಿರುತ್ತದೆ. ಕಾಲು ಭಾರ ಅನ್ನಿಸಿದರೆ ಇಲ್ಲೇ ನಿಲ್ಲಿಸಿ ರೈಲು ಹತ್ತಬಹುದು.

ಎರಡನೆಯದು: ರ‍್ಯಾನ್ಮೋರ್

ಡೋರ್ಕಿಂಗ್ ಪಶ್ಚಿಮದ ಅಂಚಿನಿಂದ ರ‍್ಯಾನ್ಮೋರ್ ರೋಡ್ ಮೇಲೇರುತ್ತದೆ. ಬಾಕ್ಸ್ ಹಿಲ್ ಹಾಗೆ ಸಮನಾಗಿಲ್ಲ, ನಡುವೆ ಕಡಿದಾಗುತ್ತದೆ. ಎದ್ದು ನಿಂತು ತುಳಿಯುವುದನ್ನು ಇಲ್ಲಿ ರೂಢಿ ಮಾಡಿಕೊಳ್ಳಿ. ಏಳುವ ಮೊದಲು ಒಂದು ಗೇರ್ ದೊಡ್ಡದು ಮಾಡಿ, ಇಲ್ಲದಿದ್ದರೆ ಕಾಲು ಸುಮ್ನೆ ಕೆಳಗೆ ಬಿದ್ದು ಸೈಕಲ್ ಹಿಂದೆ ಜಗ್ಗಿದಂತಾಗುತ್ತದೆ. ನಿಂತಾಗ ಮೈಭಾರ ಪೂರ್ತಿ ಮುಂದೆ ಹಾಕಬೇಡಿ, ಒದ್ದೆ ರಸ್ತೆಯಲ್ಲಿ ಹಿಂದಿನ ಗಾಲಿ ಜಾರುತ್ತದೆ. ಇಪ್ಪತ್ತು ಸುತ್ತು ನಿಂತು ತುಳಿದು ಮತ್ತೆ ಕೂತುಕೊಳ್ಳಿ.

ಗೇರ್ ಬದಲಿಸುವುದು ಏರು ಶುರುವಾಗುವ ಮೊದಲು. ಇದೊಂದು ಮಾತು ಗಟ್ಟಿಯಾಗಿ ನೆನಪಿಡಿ. ಹತ್ತಿರದ ವೈಟ್ ಡೌನ್ ಏರಿನಲ್ಲಿ ನಾನು ತಡ ಮಾಡಿ, ಪೆಡಲ್ ಮೇಲೆ ಪೂರ್ತಿ ಭಾರ ಇದ್ದಾಗಲೇ ಮುಂದಿನ ಚೈನ್ ಸಣ್ಣ ಚಕ್ರಕ್ಕೆ ಇಳಿಸಿದೆ. ಚೈನ್ ಕಳಚಿ ಒಳಗೆ ಬಿತ್ತು, ಸೈಕಲ್ ನಿಂತೇ ಹೋಯಿತು, ಶೂ ಪೆಡಲ್ಲಿಗೆ ಸಿಕ್ಕಿಕೊಂಡಿದ್ದರಿಂದ ಕಾಲು ಊರಲಾಗದೆ ಪಕ್ಕಕ್ಕೆ ಬಿದ್ದೆ. ಹಿಂದೆ ಬರುತ್ತಿದ್ದ ಕಾರು ದೂರ ಇತ್ತು, ಅದಕ್ಕೇ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಏರಿನ ಮಧ್ಯೆ ಗೇರ್ ಹಾಕಲೇಬೇಕು ಅಂದಾಗ ಒಂದು ಸುತ್ತು ಜೋರಾಗಿ ತುಳಿದು, ಮುಂದಿನ ಸುತ್ತು ಹಗುರ ಮಾಡಿ, ಆ ಹಗುರದಲ್ಲಿ ಬದಲಿಸಿ.

ಮೇಲೆ ಸೇಂಟ್ ಬಾರ್ನಬಸ್ ಚರ್ಚಿನ ಎತ್ತರದ ಗೋಪುರ ಮರಗಳ ಮೇಲೆ ಕಾಣುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಗುಡ್ಡದ ನೆತ್ತಿ ಮೇಲೇ ಕಾಡಿನ ದಾರಿ. ಕ್ರಾಕ್‌ನಾರ್ತ್ ರೋಡ್ ಹಿಡಿದು ಗ್ರೀನ್ ಡೀನ್ ಸೇರಿ, ಎಡಕ್ಕೆ ತಿರುಗಿ ಕೂಂಬ್ ಬಾಟಮ್ ಇಳಿದರೆ ಷಿಯರ್. ನನಗೆ ಇಡೀ ದಾರಿಯಲ್ಲಿ ಹೆಚ್ಚು ಇಷ್ಟವಾದ ಭಾಗ ಇದೇ, ಬೆಳಗಿನ ಬಿಸಿಲು ಎಲೆಗಳ ಸಂದಿಯಿಂದ ರಸ್ತೆ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿರುತ್ತದೆ, ನಿಮ್ಮ ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಇಳಿಯುವುದು ಹೇಗೆ

ಕೂಂಬ್ ಬಾಟಮ್ ಇಳಿಯುವ ಮೊದಲು ಇದನ್ನು ಓದಿ. ಹತ್ತುವಾಗ ಬಿದ್ದರೆ ಮೊಣಕೈ ತರಚುತ್ತದೆ, ಇಳಿಯುವಾಗ ಬಿದ್ದರೆ ಆಸ್ಪತ್ರೆ. ಇಲ್ಲಿನ ಒಳರಸ್ತೆಗಳು ಒಂದು ಕಾರಿನಷ್ಟೇ ಅಗಲ, ಎರಡೂ ಕಡೆ ಎತ್ತರದ ಬೇಲಿ, ತಿರುವಿನ ಆಚೆ ಏನೂ ಕಾಣುವುದಿಲ್ಲ. ಎದುರಿಗೆ ಟ್ರ್ಯಾಕ್ಟರ್ ಇರಬಹುದು, ಕುದುರೆ ಇರಬಹುದು. ಕಾಣುವಷ್ಟು ದೂರದ ಅರ್ಧದೊಳಗೆ ನಿಲ್ಲಿಸುವಷ್ಟೇ ವೇಗ ಇರಲಿ, ಯಾಕೆಂದರೆ ಎದುರಿನವರಿಗೂ ನಿಲ್ಲಲು ಅಷ್ಟೇ ಜಾಗ ಬೇಕು.

ಕೈ ಹ್ಯಾಂಡಲ್ಲಿನ ಕೆಳಬಾಗಿನಲ್ಲಿ ಹಿಡಿಯಿರಿ, ಬ್ರೇಕ್ ಅಲ್ಲಿಂದ ಚೆನ್ನಾಗಿ ಸಿಗುತ್ತದೆ. ಸೀಟಿನ ಮೇಲೆ ನೀವು ಸ್ವಲ್ಪ ಹಿಂದೆ ಸರಿದು ಕೂತುಕೊಳ್ಳಿ. ಎರಡೂ ಬ್ರೇಕ್ ಒಟ್ಟಿಗೆ, ತಿರುವಿನ ಮೊದಲು, ನೇರ ಇರುವಾಗಲೇ ಹಾಕಿ. ತಿರುವಿನ ಒಳಗೆ ಗಟ್ಟಿಯಾಗಿ ಹಿಡಿಯಬೇಡಿ. ತಿರುವಿನಲ್ಲಿ ಹೊರಗಿನ ಪೆಡಲ್ ಕೆಳಗಿರಲಿ, ಅದರ ಮೇಲೆ ಭಾರ ಹಾಕಿ. ಕಣ್ಣು ಗುಂಡಿಯ ಮೇಲಲ್ಲ, ಹೋಗಬೇಕಾದ ಕಡೆ. ನೋಡಿದ ಕಡೆಗೇ ಸೈಕಲ್ ಹೋಗುತ್ತದೆ. ರಸ್ತೆ ಮಧ್ಯೆ ಎಲೆ, ಮರಳು ಸೇರಿ ಒಂದು ಪಟ್ಟಿ ಕಟ್ಟಿಕೊಂಡಿರುತ್ತದೆ. ಕಾರಿನ ಗಾಲಿ ಓಡಾಡುವ ಜಾಡಿನಲ್ಲೇ ಇರಿ.

ಕುದುರೆ ಕಂಡರೆ ವೇಗ ತಗ್ಗಿಸಿ, ದೂರದಿಂದಲೇ ‘ಹಲೋ’ ಅಂತ ಕೂಗಿ ಹೇಳಿ, ಅಗಲವಾಗಿ ದಾಟಿ. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ಲಿಗೆ ಕುದುರೆ ಬೆದರುತ್ತದೆ. ಕಿರಿದಾದ ರಸ್ತೆಯಲ್ಲಿ ಅಂಚಿಗೆ ಅಂಟಿಕೊಂಡು ಹೋಗಬೇಡಿ, ನಿಮ್ಮ ಲೇನಿನ ಮಧ್ಯಕ್ಕೆ ಬನ್ನಿ. 2022ರಲ್ಲಿ ತಿದ್ದಿದ ಹೈವೇ ಕೋಡ್, ಅಂದರೆ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಕೂಡ ಇದನ್ನೇ ಹೇಳುತ್ತದೆ. ಕಾರಿನವರು ಗಂಟೆಗೆ 30 ಮೈಲಿ ವೇಗದಲ್ಲಿ ದಾಟುವಾಗಲೂ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕು ಅನ್ನುವುದೂ ಅದರಲ್ಲಿದೆ. ಹಿಂದೆ ಕಾರುಗಳು ಸೇರಿದ್ದರೆ, ಅಗಲವಾದ ಜಾಗ ಬಂದ ಕೂಡಲೇ ಪಕ್ಕಕ್ಕೆ ಸರಿದು ಬಿಟ್ಟುಕೊಡಿ. ಇದು ಅವರ ಊರಿನ ರಸ್ತೆ.

ಷಿಯರ್‌ನಿಂದ ಲೀತ್ ಹಿಲ್

ಷಿಯರ್‌ನಲ್ಲಿ ಊಟ ಮಾಡಿ, ಆದರೆ ಹೊಟ್ಟೆ ಬಿರಿಯುವಷ್ಟಲ್ಲ. ಇಲ್ಲಿಂದ ಪೂರ್ವಕ್ಕೆ ಎ25 ಮೇಲೆ ಮೂರ್ನಾಲ್ಕು ಕಿ.ಮೀ. ಹೋಗಬೇಕು. ಜೊತೆಗೆ ಜನ ಇದ್ದರೆ ಒಂದೇ ಸಾಲಿನಲ್ಲಿ ಹೋಗಿ. ನಡುವೆ ಗಾಮ್ಷಲ್ ಬರುತ್ತದೆ, ಅಲ್ಲೂ ಒಂದು ಸ್ಟೇಷನ್ ಇದೆ. ಸಾಕು ಅನ್ನಿಸಿದವರು ಇಲ್ಲಿಂದ ಡೀಪ್‌ಡೀನ್ ಅಥವಾ ರೆಡಿಂಗ್ ರೈಲು ಹಿಡಿಯಬಹುದು, ರೈಲು ಕಡಿಮೆ, ಸಮಯ ನೋಡಿಕೊಳ್ಳಿ. ಮುಂದೆ ಆ್ಯಬಿಂಜರ್ ಹ್ಯಾಮರ್. ಹಿಂದೆ ಇಲ್ಲಿ ಕಬ್ಬಿಣ ಬಡಿಯುವ ಕೆಲಸ ಇತ್ತು. ರಸ್ತೆ ಮೇಲೆ ಚಾಚಿದ ಗಡಿಯಾರದಲ್ಲಿ ಕಮ್ಮಾರನ ಗೊಂಬೆ ಗಂಟೆಗೊಮ್ಮೆ ಸುತ್ತಿಗೆಯಿಂದ ಗಂಟೆ ಬಾರಿಸುತ್ತದೆ.

ಅಲ್ಲಿ ಬಲಕ್ಕೆ ಬಿ2126. ಹೋಮ್‌ಬರಿ ಸೇಂಟ್ ಮೇರಿವರೆಗೆ ನಿಧಾನದ ಏರು, ಆಮೇಲೆ ಫಾರೆಸ್ಟ್ ಗ್ರೀನ್‌ಗೆ ಇಳಿಜಾರು. ಈ ಇಳಿಜಾರಿನಲ್ಲಿ ಎತ್ತರವನ್ನೆಲ್ಲ ಕಳೆದುಕೊಳ್ಳುತ್ತೀರಿ, ಅಷ್ಟನ್ನೂ ಮತ್ತೆ ಹತ್ತಬೇಕು. ಫಾರೆಸ್ಟ್ ಗ್ರೀನ್‌ನಲ್ಲಿ ನಿಂತು ಏನಾದರೂ ತಿನ್ನಿ, ಹಸಿವಿಲ್ಲದಿದ್ದರೂ ತಿನ್ನಿ. ತಿಂದದ್ದು ಕಾಲಿಗೆ ಇಳಿಯಲು ಸ್ವಲ್ಪ ಹೊತ್ತು ಬೇಕು.

ಊರು ದಾಟಿ ಸ್ವಲ್ಪ ಮುಂದೆ ಎಡಕ್ಕೆ ಟ್ಯಾನ್‌ಹರ್ಸ್ಟ್ ಲೇನ್. ಇಲ್ಲಿಂದ ಲೀತ್ ಹಿಲ್ ಏರು. ಸುಣ್ಣದ ನೆಲ ಮುಗಿದು ಮರಳುಗಲ್ಲಿನ ನೆಲ ಬಂದಿದೆ. ಈ ಮೆತ್ತನೆ ಕಲ್ಲನ್ನು ನೂರಾರು ವರ್ಷ ಗಾಡಿಗಳೂ ಮಳೆನೀರೂ ಕೊರೆದು ರಸ್ತೆ ಕಾಲುವೆಯ ಹಾಗೆ ಒಳಗೆ ಇಳಿದಿರುತ್ತದೆ, ಮರದ ಬೇರು ನಿಮ್ಮ ತಲೆಗಿಂತ ಮೇಲೆ. ಬಿಸಿಲು ಬೀಳದ ಕಾರಣ ಮಳೆ ನಿಂತು ಎರಡು ದಿನ ಆದರೂ ಒದ್ದೆ. ಚಳಿಗಾಲದಲ್ಲಿ ಬೇರೆಲ್ಲ ಕಡೆ ಕರಗಿದರೂ ಇಲ್ಲಿ ಹಿಮ ಗಟ್ಟಿ ಕಟ್ಟಿರುತ್ತದೆ, ಆಗ ಈ ರಸ್ತೆ ಬೇಡವೇ ಬೇಡ.

ಈ ಏರಿನಲ್ಲಿ ಮೇಲೆ ನೋಡಬೇಡಿ. ಹತ್ತು ಮೀಟರ್ ಮುಂದೆ ಮಾತ್ರ ನೋಡಿ. ತಿರುವಿನಲ್ಲಿ ಒಳಅಂಚು ಯಾವಾಗಲೂ ಹೆಚ್ಚು ಕಡಿದು, ಎದುರಿಗೆ ಏನೂ ಬರುತ್ತಿಲ್ಲ ಅಂತ ಖಾತ್ರಿ ಇದ್ದರೆ ಸ್ವಲ್ಪ ಹೊರಗಿನಿಂದ ತೆಗೆದುಕೊಳ್ಳಿ. ಆಗದಿದ್ದರೆ ಇಳಿದು ತಳ್ಳಿ. ನೂರು ಮೀಟರ್ ನಡೆದರೆ ಕಾಲು ಸುಧಾರಿಸಿಕೊಳ್ಳುತ್ತದೆ, ಮತ್ತೆ ಹತ್ತಬಹುದು. ದಾರಿಯಲ್ಲಿ ಲೀತ್ ಹಿಲ್ ಪ್ಲೇಸ್ ಅನ್ನುವ ಮನೆ ಇದೆ. ಸಂಗೀತಗಾರ ರಾಲ್ಫ್ ವಾನ್ ವಿಲಿಯಮ್ಸ್ ಬೆಳೆದ ಮನೆ, ಚಾರ್ಲ್ಸ್ ಡಾರ್ವಿನ್ ಇಲ್ಲಿಗೆ ನೆಂಟರ ಮನೆಗೆ ಬಂದು ಹೊಲದ ಎರೆಹುಳುಗಳನ್ನು ಗಮನಿಸುತ್ತಿದ್ದ. ನೆತ್ತಿಯ ಮೇಲಿನ ಗೋಪುರ 1765ರದು, ಗುಡ್ಡದ ಎತ್ತರವನ್ನು ಸಾವಿರ ಅಡಿ ದಾಟಿಸಲೆಂದು ಕಟ್ಟಿಸಿದ್ದು. ರಸ್ತೆ ಅಲ್ಲಿಗೆ ಹೋಗುವುದಿಲ್ಲ, ಕಾಲುದಾರಿ ಮಾತ್ರ. ರೋಡ್ ಸೈಕಲ್ ಶೂ ಹಾಕಿದ್ದರೆ ಬಿಟ್ಟುಬಿಡಿ, ಇನ್ನೊಂದು ದಿನ ನಡೆದುಕೊಂಡು ಬನ್ನಿ.

ಮುಂದೆ ಕೋಲ್ಡ್‌ಹಾರ್ಬರ್ ಹಳ್ಳಿ. ಅಲ್ಲಿಂದ ಡೋರ್ಕಿಂಗ್‌ಗೆ ಆರು ಕಿ.ಮೀ., ಹೆಚ್ಚೂಕಡಿಮೆ ಪೂರ್ತಿ ಇಳಿಜಾರು. ಹೊರಡುವ ಮೊದಲು ಗಾಳಿ ತಡೆಯುವ ತೆಳು ಜಾಕೆಟ್ ಹಾಕಿಕೊಳ್ಳಿ. ಬೆವರಿದ ಮೈಗೆ ಗಾಳಿ ಬಡಿದರೆ ಐದು ನಿಮಿಷಕ್ಕೇ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಇದು ಮತ್ತೆ ಆ ಕಾಲುವೆಯಂಥ ಓಣಿ, ಕಿರಿದು, ಕತ್ತಲೆ, ಮತ್ತು ನೀವು ದಣಿದಿದ್ದೀರಿ. ಬಿಸಿಲಿನಿಂದ ಮರದ ನೆರಳಿಗೆ ನುಗ್ಗಿದಾಗ ಒಂದೆರಡು ಕ್ಷಣ ಗುಂಡಿ ಕಾಣುವುದಿಲ್ಲ, ಕಪ್ಪು ಕನ್ನಡಕ ಇದ್ದರೆ ಮೇಲೇ ತೆಗೆದಿಡಿ. ಬ್ರೇಕ್ ಬಿಟ್ಟು ಹಿಡಿದು, ಬಿಟ್ಟು ಹಿಡಿದು ಬನ್ನಿ.

ಮನೆಗೆ ಬಂದ ದಿನವೇ ಚೈನ್ ಒರೆಸಿ ಎಣ್ಣೆ ಬಿಡಿ, ರಿಮ್ ಬ್ರೇಕ್ ಆದರೆ ಬ್ರೇಕ್ ಶೂನಲ್ಲಿ ಸಿಕ್ಕಿಕೊಂಡ ಮರಳು, ಕಲ್ಲಿನ ಚೂರು ಪಿನ್ನಿನಿಂದ ಕಿತ್ತುಹಾಕಿ. ಟೈರ್ ಪೂರ್ತಿ ಒಂದು ಸುತ್ತು ತಿರುಗಿಸಿ ಚಕಮಕಿ ಚೂರು ಹುಡುಕಿ. ಈ ದಾರಿ ಎರಡು ಮೂರು ಸಲ ಮಾಡಿ ಕಾಲಿಗೆ ಒಗ್ಗಿದ ಮೇಲೆ, ರ‍್ಯಾನ್ಮೋರ್ ಬದಲು ವೈಟ್ ಡೌನ್ ಅನ್ನು ಎ25 ಕಡೆಯಿಂದ ಹತ್ತಿ ನೋಡಿ. ಅದೂ ಸಲೀಸಾದರೆ ಕ್ರಾನ್ಲಿ ಹತ್ತಿರದ ಬಾರ್‌ಹ್ಯಾಚ್ ಲೇನ್ ಇದೆ. ಹಿಂದಿನ ಕ್ಯಾಸೆಟ್ 34 ಹಲ್ಲಿನದೇ ಇರಲಿ.